ಹಳೆ ಕೀಸುಳಿ ಕೈ ನೋಯಿಸುತ್ತಿದೆ: ಹಿಡಿ ತಿದ್ದಲೋ, ಹೊಸದು ಮಾಡಲೋ?

ಶನಿವಾರದ ಬಡಗಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಗುಜರಿಯಲ್ಲಿ ಒಂದು ಹಳೆ ಸ್ಟ್ಯಾನ್ಲಿ ಕಂಪನಿಯ 4ನೇ ನಂಬರ್ ಕೀಸುಳಿ (ಮರ ಹೆರೆದು ನಯ ಮಾಡುವ ಸಾಮಾನು) ಸಿಕ್ಕಿದೆ. ಎರಕದಲ್ಲೇ ‘ಮೇಡ್ ಇನ್ ಇಂಗ್ಲೆಂಡ್’ ಅಂತ ಇದೆ. ತುಕ್ಕು ತೆಗೆದೆ, ತಳ ಮಟ್ಟ ಮಾಡಿದೆ, ಅಲಗಿಗೆ ಸಾಣೆ ಹಿಡಿದೆ. ತೇಗದ ಮೇಲೆ ಸುರುಳಿ ಚೆನ್ನಾಗೇ ಬರುತ್ತಿದೆ. ತೊಂದರೆ ಇರೋದು ನನ್ನ ಕೈಗೆ.

ಹಿಂದಿನ ಹಿಡಿ ಬೀಚ್ ಮರದ್ದು, ಮೇಲೆ ದಪ್ಪ ವಾರ್ನಿಶ್. ಎರಡು ಪಕ್ಕವೂ ಹಲಗೆಯಷ್ಟು ಚಪ್ಪಟೆ. ಅಂಚನ್ನು ಸುಮ್ನೆ ಹೆಸರಿಗೆ ದುಂಡು ಮಾಡಿ ಬಿಟ್ಟಿದ್ದಾರೆ. ಅರ್ಧ ಗಂಟೆ ಉಜ್ಜಿದರೆ ಅಂಗೈಯಲ್ಲಿ ಎರಡು ಕೆಂಪು ಗೆರೆ. ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿಗೆ ಮೇಲಿನ ಹಿತ್ತಾಳೆ ನಟ್ಟು ಉಜ್ಜಿ ಬೊಬ್ಬೆ ಬರುತ್ತದೆ. ಕಿರುಬೆರಳಿಗಂತೂ ಜಾಗವೇ ಇಲ್ಲ, ಎರಕಕ್ಕೂ ಮರಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಅಲಗು ಇಳಿಸುವ ಹಿತ್ತಾಳೆ ಚಕ್ರವೂ ಬಿಗಿ, ಬೆರಳ ತುದಿ ನೋಯುತ್ತದೆ.

ಅರ ಹಾಕಿ ಹಿಡಿ ತಿದ್ದಬಹುದಾ? ಎಷ್ಟು ತೆಗೆದರೆ ಸಾಕು? ಹಳೆ ಸಾಮಾನು, ಹಾಳು ಮಾಡಲು ಮನಸ್ಸಿಲ್ಲ.

ಮಲೆನಾಡ ಮತ್ತಿ (ಸಾಗರ)

ಅರ ಆಮೇಲೆ. ಮೊದಲು ಹೇಳಿ, ಎಷ್ಟು ಬೆರಳಲ್ಲಿ ಹಿಡಿಯುತ್ತೀರಿ? ಕಿರುಬೆರಳಿಗೆ ಜಾಗ ಇಲ್ಲ ಅಂದಾಗಲೇ ಗೊತ್ತಾಯಿತು, ನಾಲ್ಕನ್ನೂ ಒಳಗೆ ತುರುಕುತ್ತಿದ್ದೀರಿ.

ಈ ಹಿಡಿ ಮೂರು ಬೆರಳಿಗೆ ಮಾಡಿದ್ದು. ನಡುಬೆರಳು, ಉಂಗುರದ ಬೆರಳು, ಕಿರುಬೆರಳು ಮಾತ್ರ ಹಿಡಿಯ ಸುತ್ತ. ತೋರುಬೆರಳು ಹೊರಗೆ, ಫ್ರಾಗ್ (ಅಲಗು ಒರಗಿ ಕೂರುವ ಓರೆ ಎರಕದ ತುಂಡು) ಪಕ್ಕದಲ್ಲಿ ಮುಂದಕ್ಕೆ ಚಾಚಿರಬೇಕು. ಹಾಗೆ ಹಿಡಿದರೆ ಇಡೀ ಕೈ ಒಂದು ಬೆರಳಿನಷ್ಟು ಮೇಲಕ್ಕೆ ಬರುತ್ತದೆ, ಕಿರುಬೆರಳು ಬಿಡುಗಡೆ. ಮಣಿಕಟ್ಟೂ ನೆಟ್ಟಗಾಗುತ್ತದೆ.

ಇನ್ನೊಂದು, ಬಿಗಿಯಾಗಿ ಹಿಡಿಯಬೇಡಿ. ಹಿಡಿಯುವುದಲ್ಲ, ಅಂಗೈ ಬುಡದಿಂದ ನೂಕುವುದು. ನೂಕುವಾಗ ಬೆರಳುಗಳಿಗೆ ಕೆಲಸವೇ ಇಲ್ಲ. ಕೀಸುಳಿಯನ್ನು ಹಿಂದಕ್ಕೆ ತರುವಾಗಷ್ಟೇ ಅವು ಬೇಕು. ಹಲಗೆಯ ಈ ತುದಿಯಲ್ಲಿ ಶುರು ಮಾಡುವಾಗ ಭಾರ ಮುಂದಿನ ಗುಂಡಿನ (ಇನ್ನೊಂದು ಕೈ ಇಡುವ ದುಂಡನೆ ಹಿಡಿ) ಮೇಲೆ, ಆ ತುದಿ ದಾಟುವಾಗ ಹಿಂದಿನ ಹಿಡಿಯ ಮೇಲೆ. ಒಂದು ವಾರ ಹೀಗೆ ಮಾಡಿ ನೋಡಿ, ಆಮೇಲೂ ನೋಯುವ ಜಾಗ ಯಾವುದೋ ಅಲ್ಲಿಗೆ ಮಾತ್ರ ಅರ ಹಾಕಿ.

ತುಕ್ಕುಪ್ರೇಮಿ (ಮೈಸೂರು)

ಅರ ಎತ್ತುವ ಮುಂಚೆ ನಿಮ್ಮ ಕೈಯಲ್ಲಿರೋದು ಯಾವ ಕಾಲದ್ದು ಅಂತ ನೋಡಿಕೊಳ್ಳಿ. ಇಲ್ಲಿ ಓದುವ ಬೇರೆಯವರಿಗೂ ಇದನ್ನೇ ಹೇಳೋದು.

ಈ ಮಾದರಿಯ ಮೂಲ ಲಿಯೊನಾರ್ಡ್ ಬೈಲಿ ಅನ್ನುವವನದು, ಬಾಸ್ಟನ್‌ನವನು. 1869ರಲ್ಲಿ ಅವನ ಪೇಟೆಂಟುಗಳನ್ನು ಅಮೆರಿಕದ ನ್ಯೂ ಬ್ರಿಟನ್ ಊರಿನ ಸ್ಟ್ಯಾನ್ಲಿ ಕಂಪನಿ ಕೊಂಡುಕೊಂಡಿತು. ಅಲ್ಲಿಂದಾಚೆ ನೂರು ವರ್ಷ ಸಣ್ಣಪುಟ್ಟ ಬದಲಾವಣೆ ಬಿಟ್ಟರೆ ಅದೇ ಅಚ್ಚು. ಆ ಸಣ್ಣ ಬದಲಾವಣೆಗಳಿಂದಲೇ ವಯಸ್ಸು ಹೇಳಬಹುದು. ಮುಂದಿನ ಗುಂಡು ಗಿಡ್ಡವಾಗಿ ಅಣಬೆ ಥರ ಇದ್ದರೆ ಹೆಚ್ಚುಕಮ್ಮಿ 1920ಕ್ಕಿಂತ ಹಿಂದಿನದು. ಆಮೇಲೆ ಬಂದದ್ದು ಎತ್ತರದ ಗುಂಡು. ಫ್ರಾಗ್ ಹಿಂದೆ ಎರಕದಲ್ಲಿ 1902ರ ಎರಡು ತಾರೀಕು, 1910ರ ಒಂದು ತಾರೀಕು ಹೀಗೆ ಮೂರು ಪೇಟೆಂಟ್ ತಾರೀಕು ಕಂಡರೆ ಅದು 1910ರ ದಶಕದ್ದು. ಅದರ ಹಿಡಿ ಬ್ರೆಜಿಲ್‌ನ ಬೀಟೆ ಮರದ್ದು. ಆ ಮರದ ವ್ಯಾಪಾರಕ್ಕೆ 1992ರಿಂದ ಅಂತರರಾಷ್ಟ್ರೀಯ ನಿಷೇಧ ಇದೆ. ಅಂಥ ಹಿಡಿಗೆ ದಯವಿಟ್ಟು ಅರ ಮುಟ್ಟಿಸಬೇಡಿ. ಸುಮ್ನೆ ಬೆಲೆ ಮಾತಲ್ಲ ಇದು, ಆ ಮರ ಮತ್ತೆ ಸಿಗೋಲ್ಲ.

ಶನಿವಾರದವರೇ, ನಿಮ್ಮದು ಇಂಗ್ಲೆಂಡಿನ ಬೀಚ್ ಹಿಡಿ. ಹೇರಳವಾಗಿ ತಯಾರಾದದ್ದು. ನನ್ನ ಆಶೀರ್ವಾದ ಇದೆ, ಕೆತ್ತಿ.

ಹೆರೆಮಣೆ (ಹಾಸನ)

‘ಆಶೀರ್ವಾದ’ ಬೇರೆ! ತುಕ್ಕು ಸರ್, ಬೇಜಾರು ಮಾಡ್ಕೋಬೇಡಿ, ಆದರೆ ಗಾಜಿನ ಬೀರುವಿನಲ್ಲಿಟ್ಟ ಕೀಸುಳಿ ಯಾವ ಬಾಗಿಲನ್ನೂ ನಯ ಮಾಡೋಲ್ಲ. ಹಿಂದಿನ ಆಚಾರ್ರು ಯಾರು ಪೇಟೆಂಟ್ ತಾರೀಕು ನೋಡಿದರು? ಕೈಗೆ ಚುಚ್ಚಿದರೆ ಅಲ್ಲೇ ಉಳಿ ತಗೊಂಡು ತಿದ್ದುತ್ತಿದ್ದರು. ಹಳೆ ಹಿಡಿಗಳಲ್ಲಿ ಅರ್ಧಕ್ಕರ್ಧ ಯಾರೋ ಒಬ್ಬ ಹಳೆ ಯಜಮಾನ ಕೆತ್ತಿಕೊಂಡಿರುವ ಗುರುತು ಇದ್ದೇ ಇರುತ್ತದೆ.

ತುಕ್ಕುಪ್ರೇಮಿ (ಮೈಸೂರು)

ಬೇಜಾರೇನಿಲ್ಲ. ಹಳೆ ಆಚಾರ್ರಿಗೆ ಅದು ಹೊಸ ಸಾಮಾನು, ಅಂಗಡಿಯಲ್ಲಿ ಇನ್ನೊಂದು ಸಿಗುತ್ತಿತ್ತು. ನಮಗೆ ಸಿಗೋಲ್ಲ. ಮತ್ತೆ ಬೀರುವಿನಲ್ಲಿಡಿ ಅಂತ ನಾನು ಹೇಳಿಲ್ಲ. ಹಳೆ ಹಿಡಿ ಬಿಚ್ಚಿ ಬಟ್ಟೆ ಸುತ್ತಿ ಎತ್ತಿಡಿ, ನಿಮ್ಮ ಕೈ ಅಳತೆಗೆ ಹೊಸ ಹಿಡಿ ಮಾಡಿ ಹಾಕಿ. ಒಂದೇ ಒಂದು ಉದ್ದ ಬೋಲ್ಟು ಬಿಚ್ಚಿದರೆ ಹಿಡಿ ಕೈಗೆ ಬರುತ್ತದೆ. 5ನೇ ನಂಬರಿನಿಂದ ಮೇಲೆ, ಅಂದರೆ ಇನ್ನೂ ಉದ್ದದವುಗಳಲ್ಲಿ, ಹಿಡಿಯ ಮೂತಿಯಲ್ಲಿ (ಬುಡದಲ್ಲಿ ಮುಂದಕ್ಕೆ ಚಾಚಿದ ಭಾಗ) ಇನ್ನೊಂದು ಸ್ಕ್ರೂ ಇರುತ್ತದೆ, ಅಷ್ಟೇ. ನಾಳೆ ಮಾರುವಾಗ ಹಳೆಯದನ್ನು ವಾಪಸ್ ಹಾಕಿ. ಎರಡು ನಿಮಿಷದ ಕೆಲಸ.

ಮಲೆನಾಡ ಮತ್ತಿ (ಸಾಗರ)

ಇದು ನ್ಯಾಯ. ನಾನೂ ಈ ಪಕ್ಷ. ಬೀಚ್ ಇದ್ದರೆ ಅರ, ಬೀಟೆ ಇದ್ದರೆ ಹೊಸ ಹಿಡಿ. ಎರಕಕ್ಕೆ ಮಾತ್ರ ಕೊನೆಗೆ ಕೈ ಹಾಕಬೇಕು, ಅದು ವಾಪಸ್ ಬರೋಲ್ಲ.

ಚುಕ್ಕಿಬಳ್ಳಿ (ಧಾರವಾಡ)

ನನ್ನ ಕೈ ಸಣ್ಣದು. ಈ ಹಿಡಿಗಳನ್ನೆಲ್ಲ ಅಗಲ ಅಂಗೈಯ ಗಂಡಸರಿಗೆ ಅಂತಲೇ ಮಾಡಿದ್ದಾರೆ ಅನಿಸುತ್ತದೆ ನೋಡ್ರಿ. ನಾನು ತಿದ್ದಿಕೊಂಡ ರೀತಿ ಹೇಳುತ್ತೇನೆ, ಶನಿವಾರದ ಅಣ್ಣನಿಗೆ ಉಪಯೋಗ ಆದೀತು.

ಮೊದಲು ವಾರ್ನಿಶ್ ಪೂರ್ತಿ ಕೆರೆದು ತೆಗೆದೆ. ಹಳೆ ಬ್ಲೇಡಿನ ಅಂಚು ಅಥವಾ ಒಡೆದ ಗಾಜಿನ ಚೂರು ಸಾಕು. ಎಮರಿ ಪೇಪರ್ ಹಾಕಿದರೆ ವಾರ್ನಿಶ್ ಬಿಸಿಯಾಗಿ ಮೆತ್ತಿಕೊಳ್ಳುತ್ತದೆ. ಬರಿ ಮರ ಬಂದ ಮೇಲೆ ಹಿಡಿಗೆಲ್ಲ ಶಾಲೆಯ ಬಣ್ಣದ ಚಾಕ್ ದಟ್ಟವಾಗಿ ಹಚ್ಚಿದೆ. ಆಮೇಲೆ ಹತ್ತಿಪ್ಪತ್ತು ಸಲ ಒಂದು ಹಲಗೆ ಉಜ್ಜಿದೆ. ಹಿಡಿಯಲ್ಲಿ ಚಾಕ್ ಎಲ್ಲಿ ಒರೆಸಿ ಹೋಗಿದೆಯೋ ಅಲ್ಲಿ ಕೈ ಒತ್ತುತ್ತಿದೆ ಅಂತ ಅರ್ಥ. ನನ್ನದರಲ್ಲಿ ಮೂರೇ ಜಾಗ: ಎಡಪಕ್ಕದ ಹಿಂದಿನ ಅಂಚು, ಬಲಪಕ್ಕದ ಹಿಂದಿನ ಅಂಚು, ಕೊಂಬಿನ (ಹಿಡಿಯ ಮೇಲ್ತುದಿಯ ಚಾಚು) ಕೆಳಗಿನ ಬಾಗು. ಉಳಿದ ಕಡೆ ಚಾಕ್ ಹಾಗೇ ಇತ್ತು. ಅಂದ ಮೇಲೆ ಅಲ್ಲಿ ಯಾಕೆ ಕೆತ್ತಬೇಕು?

ಆ ಮೂರು ಜಾಗಕ್ಕೆ ಅರ್ಧಗೋಲದ ಅರ ಹಾಕಿದೆ. ಅಡ್ಡಕ್ಕೆ ಅಲ್ಲ, ಹಿಡಿಯ ಬಾಗನ್ನೇ ಹಿಡಿದುಕೊಂಡು ಮೇಲಿಂದ ಕೆಳಕ್ಕೆ ಹೊರಳಿಸುತ್ತ. ಅರ ಓಡುವಾಗಲೇ ಚಪ್ಪಟೆ ಜಾಗ ಕರಗಿ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಸ್ವಲ್ಪ ತೆಗೆಯೋದು, ಮತ್ತೆ ಚಾಕ್, ಮತ್ತೆ ಉಜ್ಜೋದು. ಕೊನೆಗೆ ಚಾಕ್ ಒಂದೇ ಜಾಗದಲ್ಲಿ ಹೋಗುವ ಬದಲು ಎಲ್ಲ ಕಡೆ ಸಮನಾಗಿ ಮಾಸಿತು. ಅಲ್ಲಿಗೆ ನಿಲ್ಲಿಸಿದೆ. ದಪ್ಪದಲ್ಲಿ ಕಡಿಮೆಯಾದದ್ದು 3 ಎಂ.ಎಂ. ಮೀರಿರಲಿಕ್ಕಿಲ್ಲ. ಆದರೆ ಕೈಗೆ ಬೇರೆ ಸಾಮಾನೇ ಆಯಿತು.

ಕೈ ಸಣ್ಣ ಇರುವವರು ಸಿಕ್ಕರೆ 5¼ ನಂಬರ್ ನೋಡಿ. ಹನ್ನೊಂದೂವರೆ ಇಂಚು ಉದ್ದ, ಅಲಗು ಒಂದೂಮುಕ್ಕಾಲು ಇಂಚು. ಅಮೆರಿಕದಲ್ಲಿ ಶಾಲೆಯ ಮಕ್ಕಳ ಕರಕುಶಲ ತರಗತಿಗೆ ಅಂತಲೇ ಬಂದದ್ದು.

ಶನಿವಾರದ ಬಡಗಿ (ಬೆಂಗಳೂರು)

ಅಕ್ಕ, ಚಾಕ್ ಉಪಾಯ ಬೊಂಬಾಟ್! ಇವತ್ತೇ ಮಾಡುತ್ತೇನೆ. ಹಿತ್ತಾಳೆ ನಟ್ಟಿಗೆ ಏನು ಮಾಡಿದಿರಿ?

ಚುಕ್ಕಿಬಳ್ಳಿ (ಧಾರವಾಡ)

ನಟ್ಟು ಮರದ ಮಟ್ಟದಿಂದ ಮೇಲೆ ಎದ್ದಿದ್ದರೆ ಅದು ಕೂರುವ ಗುಂಡಿಯನ್ನು ಒಂದು ಕೂದಲೆಳೆ ಆಳ ಮಾಡಬೇಕು. ನಟ್ಟಿನ ಮೇಲಂಚಿಗೆ ಎಮರಿ ಪೇಪರ್ ತೋರಿಸಿ ಚೂಪು ತೆಗೆಯಿರಿ. ಸ್ಕ್ರೂಡ್ರೈವರ್ ಹಾಕುವ ಸೀಳಿನ ಬಾಯಲ್ಲಿ ಹಳೆ ಕಾಲದವರು ಜಾರಿಸಿ ಎಬ್ಬಿಸಿದ ಮುಳ್ಳು ಇರುತ್ತದೆ, ಬೊಬ್ಬೆ ಬರಿಸುವುದು ಮುಖ್ಯವಾಗಿ ಅದೇ. ಬೆರಳಾಡಿಸಿ ನೋಡಿ, ಗೊತ್ತಾಗುತ್ತದೆ.

ರೊಬಸ್ಟಾ ಬೊಡ್ಡೆ (ಚಿಕ್ಕಮಗಳೂರು)

ಹೊಸ ಹಿಡಿ ಮಾಡುವ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಮ್ಮ ತೋಟದಲ್ಲಿ ಕಿತ್ತ ಹಳೆ ರೊಬಸ್ಟಾ ಕಾಫಿ ಗಿಡದ ಬೊಡ್ಡೆ ರಾಶಿ ಬಿದ್ದಿತ್ತು. ಒಣಗಿದರೆ ಕಲ್ಲಿನಷ್ಟು ಗಟ್ಟಿ, ಎಳೆ ಸಣ್ಣ, ಪಾಲಿಶ್ ಚೆನ್ನಾಗಿ ಕೂರುತ್ತದೆ. ನನ್ನ 5ನೇ ನಂಬರಿಗೆ ಅದರಲ್ಲೇ ಮಾಡಿದ್ದು. ಆದರೆ ಬೊಡ್ಡೆ ಸೀಳು ಬಿಡುವ ಜಾತಿ. ತುದಿಗೆ ಬಣ್ಣ ಬಳಿದು ನೆರಳಲ್ಲಿ ವರ್ಷಗಟ್ಟಲೆ ಒಣಗಿಸದಿದ್ದರೆ ಕೈಗೆ ಬರುವುದು ಸೌದೆ.

ಮುಖ್ಯ ವಿಷಯ ಎಳೆಯ ದಿಕ್ಕು. ಹಿಡಿ ನಿಂತಿರುತ್ತದೆ ಅಂತ ಎಳೆಯನ್ನೂ ನಿಲ್ಲಿಸಬಾರದು. ಎಳೆ ತಳಕ್ಕೆ ಸಮಾನಾಂತರವಾಗಿ, ಹಿಂದಿನಿಂದ ಮುಂದಕ್ಕೆ ಓಡಬೇಕು. ಆಗ ಕೊಂಬೂ ಮೂತಿಯೂ ಗಟ್ಟಿ ಉಳಿಯುತ್ತವೆ. ನಡುವಿನ ಕತ್ತು ಬಡಕಲಾಗುತ್ತದೆ ನಿಜ, ಆದರೆ ಅಲ್ಲಿ ಒಳಗೆ ಕಬ್ಬಿಣದ ಬೋಲ್ಟು ಮೇಲಿಂದ ಕೆಳಗೆ ಬಿಗಿ ಹಿಡಿದಿರುತ್ತದೆ. ಹಳೆ ಹಿಡಿ ಮುರಿದಿದ್ದರೆ ನೋಡಿ, ಹೆಚ್ಚಾಗಿ ಅಡ್ಡಡ್ಡ ಸೀಳಿರುತ್ತದೆ. ಬೋಲ್ಟು ಸಡಿಲ ಬಿಟ್ಟೇ ಕೆಲಸ ಮಾಡಿದ್ದರ ಫಲ ಅದು.

ಕೆಲಸದ ಕ್ರಮ: ಸುಮಾರು 25 ಎಂ.ಎಂ. ದಪ್ಪದ ಚೌಕ ತುಂಡು ತಗೊಳ್ಳಿ. ಹಳೆ ಹಿಡಿಯನ್ನು ಅದರ ಪಕ್ಕಕ್ಕೆ ಇಟ್ಟು ಪೆನ್ಸಿಲ್‌ನಲ್ಲಿ ಗೀಚಿ. ತಕ್ಷಣ ಕತ್ತರಿಸಲು ಹೋಗಬೇಡಿ. ಬೋಲ್ಟಿನ ತೂತು ಮೊದಲು. ಅದು ಓರೆ ತೂತು, ಉದ್ದ ಬೇರೆ. ತುಂಡು ಚೌಕವಾಗಿರುವಾಗ ವೈಸ್‌ನಲ್ಲಿ ಓರೆಯಾಗಿ ಕಟ್ಟಿ ನೆಟ್ಟಗೆ ಕೊರೆಯಬಹುದು. ಹಿಡಿಯ ಆಕಾರಕ್ಕೆ ಕತ್ತರಿಸಿದ ಮೇಲೆ ಕಟ್ಟಲು ಎಲ್ಲೂ ಸಮತಟ್ಟು ಜಾಗ ಸಿಗೋಲ್ಲ. ಮೇಲಿನ ನಟ್ಟು ಕೂರುವ ದೊಡ್ಡ ಗುಂಡಿ ಮೊದಲು, ಆಮೇಲೆ ಅದರ ನಡುವಿನಿಂದ ಸಣ್ಣ ತೂತು. ಬೋಲ್ಟಿನ ದಪ್ಪ ಸುಮಾರು 5.5 ಎಂ.ಎಂ., ತೂತು 6.5 ಇರಲಿ. ಆ ಸಡಿಲ ಬೇಕೇ ಬೇಕು, ತೂತು ಕೂದಲಷ್ಟು ಆಚೀಚೆ ಆದರೂ ಬೋಲ್ಟು ಕೂರುತ್ತದೆ. ಬುಡದಲ್ಲಿ ಎರಕದ ಮೇಲಿನ ಉಬ್ಬು ಒಳಗೆ ಹೋಗಲು ಒಂದು ತಗ್ಗು ಮಾಡಬೇಕು, ಅದರ ಅಳತೆ ನಿಮ್ಮ ಕೀಸುಳಿಯದೇ ತಗೊಳ್ಳಿ.

ಆಮೇಲೆ ಗರಗಸ, ಅರ, ಎಮರಿ. ಈ ಹಂತದಲ್ಲಿ ಚುಕ್ಕಿಯವರ ಚಾಕ್ ಉಪಾಯ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ನಾನು ಹಿಡಿಯನ್ನು ಅರ್ಧ ಕೆತ್ತಿ ಕೀಸುಳಿಗೆ ಹಾಕಿ ಉಜ್ಜಿ ನೋಡಿ ಮತ್ತೆ ಬಿಚ್ಚಿ ಕೆತ್ತುತ್ತೇನೆ. ಬೆಂಚಿನ ಮೇಲೆ ಇಟ್ಟುಕೊಂಡು ಕೈಯಲ್ಲಿ ಹಿಡಿದು ನೋಡಿದರೆ ಎಲ್ಲ ಹಿಡಿಯೂ ಚೆನ್ನಾಗೇ ಅನಿಸುತ್ತದೆ. ನೂಕುವಾಗಲೇ ಬಂಡವಾಳ ಬಯಲಾಗೋದು.

ಹೆರೆಮಣೆ (ಹಾಸನ)

ಕಾಫಿ ತೋಟ ಇಲ್ಲದ ಬಡವರು ಏನು ಮಾಡಬೇಕು ಸ್ವಾಮಿ?

ರೊಬಸ್ಟಾ ಬೊಡ್ಡೆ (ಚಿಕ್ಕಮಗಳೂರು)

ಹಳೆ ಪೀಠೋಪಕರಣದ ಅಂಗಡಿಗೆ ಹೋಗಿ, ಮುರಿದ ಬೀಟೆ ಮಂಚದ ಕಾಲು ಕೇಳಿ. ಒಂದು ಕಾಲಲ್ಲಿ ಎರಡು ಹಿಡಿ ಆಗುತ್ತದೆ. ಹಸಿ ಬೀಟೆ ಕಡಿಯುವುದು, ಸಾಗಿಸುವುದಕ್ಕೆಲ್ಲ ಅರಣ್ಯ ಇಲಾಖೆಯ ಕಟ್ಟುಪಾಡು ಇದೆ, ಆ ಸಹವಾಸ ಬೇಡ. ಬೀಟೆ ಧೂಳು ಕೆಲವರ ಮೈಗೆ ಆಗೋಲ್ಲ, ತುರಿಕೆ, ಸೀನು ಬರುತ್ತದೆ, ಮಾಸ್ಕ್ ಹಾಕಿಕೊಳ್ಳಿ. ಹುಣಸೆ, ಜಾಲಿ ಕೂಡ ಚೆನ್ನ. ತೇಗ ನನಗೆ ಇಷ್ಟ ಇಲ್ಲ. ಹಗುರ, ಮೆತು, ಕೊಂಬು ಬೇಗ ಜಜ್ಜಿ ಹೋಗುತ್ತದೆ.

ಕಡಲ ತೆರೆ (ಮಂಗಳೂರು)

ನಮ್ಮಲ್ಲಿ ಸಮಸ್ಯೆಯೇ ಬೇರೆ ಮಾರಾಯ್ರೆ. ಬೆವರು. ಏಪ್ರಿಲ್ ತಿಂಗಳಲ್ಲಿ ಹತ್ತು ನಿಮಿಷಕ್ಕೆ ಹಿಡಿ ಒದ್ದೆ, ಜಾರುತ್ತದೆ. ಜಾರುತ್ತದೆ ಅಂತ ಬಿಗಿ ಹಿಡಿಯುತ್ತೇವೆ, ಬಿಗಿ ಹಿಡಿದರೆ ಮತ್ತೆ ನೋವು. ನಾನು ಮಾಡಿದ್ದು ಇಷ್ಟೇ. ಹಿಂದಿನ ಹಿಡಿಗೆ ಬ್ಯಾಡ್ಮಿಂಟನ್ ರಾಕೆಟ್ಟಿನ ಬಟ್ಟೆಯಂಥ ಟೇಪ್ ಒಂದು ಸುತ್ತು. ಮುಂದಿನ ಗುಂಡಿಗೆ ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ಪಿನಿಂದ ಒಂದು ಬಳೆಯಷ್ಟು ಕತ್ತರಿಸಿ ಎಳೆದು ಹಾಕಿದೆ. ನೋಡಲು ಅಷ್ಟು ಚೆಂದ ಇಲ್ಲ. ಆದರೆ ಮರಕ್ಕೆ ಅರ ಇಲ್ಲ, ಅಂಟಿಲ್ಲ, ಬೇಡ ಅನಿಸಿದ ದಿನ ಬಿಚ್ಚಿದರೆ ಆಯಿತು.

ತುಕ್ಕುಪ್ರೇಮಿ (ಮೈಸೂರು)

ಬಿಚ್ಚಬಹುದು ಅನ್ನುವುದಕ್ಕಾಗಿ ಕ್ಷಮಿಸಿದ್ದೇನೆ. ಒಂದು ಮಾತು: ಮಳೆಗಾಲದಲ್ಲಿ ಆ ಟೇಪ್ ಬಿಚ್ಚಿ ಒಣಗಿಸಿ. ಒಳಗೆ ಬೆವರು ಕೂತರೆ ಮರ ಕಪ್ಪಾಗುತ್ತದೆ, ಬೋಲ್ಟೂ ತುಕ್ಕು ಹಿಡಿಯುತ್ತದೆ.

ರೊಬಸ್ಟಾ ಬೊಡ್ಡೆ (ಚಿಕ್ಕಮಗಳೂರು)

ಬೆವರಿನ ಕೈಗೆ ದಪ್ಪ ಹೊಳಪಿನ ಪಾಲಿಶ್ ಶತ್ರು. ಪಿ.ಯು. (ಪಾಲಿಯುರಿಥೇನ್ ವಾರ್ನಿಶ್) ಬಳಿದ ಹಿಡಿಯಲ್ಲಿ ಬೇಗ ಬೊಬ್ಬೆ ಬರುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಎರಡು ಮೂರು ಕೈ ಹಚ್ಚಿ, ಒಣಗಿದ ಮೇಲೆ ಜೇನುಮೇಣ ತಿಕ್ಕಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರಡಿ ಹೊರಗೆ ಒಣಗಿಸಿ. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಅದು ಒಣಗೋದೇ ಇಲ್ಲ.

ಐಟಿಐ ಮೇಷ್ಟ್ರು (ತುಮಕೂರು)

ಎಲ್ಲರೂ ಹಿಡಿ ಹಿಡಿ ಅಂತಿದ್ದೀರಿ. ಮೂವತ್ತು ವರ್ಷ ಹುಡುಗರಿಗೆ ಕಲಿಸಿದ ಅನುಭವದಲ್ಲಿ ಹೇಳುತ್ತೇನೆ, ಕೈ ನೋವಿನ ಅರ್ಧ ಪಾಲು ಅಲಗಿನಿಂದ ಬರುವಂಥದ್ದು. ಮೊಂಡು ಅಲಗನ್ನು ನೂಕಲು ಎರಡರಷ್ಟು ಬಲ ಹಾಕುತ್ತೀರಿ, ಆ ಬಲ ಎಲ್ಲ ಹಿಡಿಯ ಅಂಚಿನ ಮೂಲಕವೇ ಕೈಗೆ ವಾಪಸ್ ಬರುತ್ತದೆ. ಹಿಡಿಯನ್ನು ಬೈಯುವ ಮೊದಲು ಅಲಗನ್ನು ಸಾಣೆ ಕಲ್ಲಿಗೆ ಇನ್ನೊಂದು ಸಲ ತೋರಿಸಿ.

ತಳಕ್ಕೆ ಮೇಣದಬತ್ತಿ ಗೀಚಿ. ಒಂದು ಅಡ್ಡ ಗೀಟು, ಒಂದು ಉದ್ದ ಗೀಟು, ಅಷ್ಟು ಸಾಕು. ಕಾಸಿಲ್ಲದ ಖರ್ಚು, ಆದರೆ ನೂಕುವಾಗ ತಕ್ಷಣ ಗೊತ್ತಾಗುತ್ತದೆ. ಕೆಲಸದ ನಡುವೆ ಭಾರ ಅನಿಸಿದಾಗ ಮತ್ತೆ ಗೀಚಿ.

ಬೆಂಚಿನ ಎತ್ತರ ನೋಡಿ. ಹಲವರು ಅಡುಗೆಮನೆ ಕಟ್ಟೆಯ ಎತ್ತರಕ್ಕೆ ಬೆಂಚು ಮಾಡಿಕೊಳ್ಳುತ್ತಾರೆ. ಕೀಸುಳಿಗೆ ಅದು ಎತ್ತರ ಜಾಸ್ತಿ. ಕೈ ಇಳಿಬಿಟ್ಟು ನಿಂತರೆ ಬೆರಳ ಗೆಣ್ಣಿನಿಂದ ಮಣಿಕಟ್ಟಿನ ನಡುವೆ ಎಲ್ಲೋ ಬೆಂಚಿನ ಮೇಲ್ಮೈ ಬರಬೇಕು. ಆಗ ಮೈಭಾರ ಕೆಲಸ ಮಾಡುತ್ತದೆ, ತೋಳು ಸುಮ್ಮನೆ ಜೊತೆಗೆ ಹೋಗುತ್ತದೆ.

ಇನ್ನು ಬಿಗಿ ಚಕ್ರ. ಅದಕ್ಕೆ ಎಣ್ಣೆ ಹಾಕುವ ಮುಂಚೆ ಲಿವರ್ ಕ್ಯಾಪಿನ (ಅಲಗನ್ನು ಮೇಲಿಂದ ಒತ್ತಿ ಹಿಡಿಯುವ ಮುಚ್ಚಳ) ನಡುವಿನ ಸ್ಕ್ರೂ ಕಾಲು ಸುತ್ತು ಸಡಿಲಿಸಿ. ಅಲಗು ಅಲುಗಾಡದಷ್ಟು ಬಿಗಿ ಸಾಕು. ಜನ ಅದನ್ನು ಗಾಡಿಯ ಚಕ್ರದ ನಟ್ಟಿನಂತೆ ಬಿಗಿದಿರುತ್ತಾರೆ, ಆಮೇಲೆ ಹಿತ್ತಾಳೆ ಚಕ್ರ ತಿರುಗೋಲ್ಲ ಅಂತ ಪಕ್ಕಡ್ ತರುತ್ತಾರೆ. ಆಮೇಲೂ ಬಿಗಿ ಇದ್ದರೆ ಚಕ್ರ ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಂದು ಹನಿ ಮೆಷಿನ್ ಎಣ್ಣೆ. ನೆನಪಿಡಿ, ಅದು ಎಡ ಥ್ರೆಡ್. ಮಾಮೂಲಿ ನಟ್ಟಿನ ಹಾಗೆ ಬಿಚ್ಚಲು ಹೋದರೆ ಇನ್ನೂ ಒಳಗೇ ಹೋಗುತ್ತದೆ.

ಶನಿವಾರದ ಬಡಗಿ (ಬೆಂಗಳೂರು)

ಮೇಷ್ಟ್ರೇ, ಲಿವರ್ ಕ್ಯಾಪಿನ ಸ್ಕ್ರೂ ಸಡಿಲಿಸಿದೆ. ಚಕ್ರ ಒಂದೇ ಬೆರಳಲ್ಲಿ ತಿರುಗುತ್ತಿದೆ! ಇದಕ್ಕೆ ಹೊಸ ಚಕ್ರ ಕೊಳ್ಳಬೇಕೇನೋ ಅಂತ ಆನ್‌ಲೈನ್‌ನಲ್ಲಿ ಬೆಲೆ ನೋಡುತ್ತಿದ್ದೆ.

ಹುಬ್ಬಳ್ಳಿ ಹತ್ತರಿ (ಹುಬ್ಬಳ್ಳಿ)

ಕಬ್ಬಿಣದ್ದೇ ಮಾತಾಡಾಕ ಹತ್ತೀರಿ, ಮರದ ಹತ್ತರಿ (ನಮ್ಮ ಕಡೆ ಕೀಸುಳಿಗೆ ಹೀಗಂತಾರ) ಯಾರಿಗೂ ನೆನಪಾಗಲಿಲ್ಲ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜಾಲಿ ಮರದ ಉದ್ದ ಹತ್ತರಿ ಇದೆ. ಹಿಂದೆ ಹಿಡಿಯೇ ಇಲ್ಲ. ಅಲಗಿನ ಹಿಂದೆ ಮೈಮೇಲೇ ಅಂಗೈ ಒತ್ತಿ ನೂಕುವುದು. ಮುಂದೆ ಒಂದು ಅಡ್ಡ ತೂತು, ಅದಕ್ಕೆ ಕೋಲು ಸಿಗಿಸಿದರೆ ಎದುರಿಗೆ ಕೂತವನು ಎಳೆಯುತ್ತಾನೆ. ದೊಡ್ಡ ತೊಲೆ, ಬಾಗಿಲ ಚೌಕಟ್ಟು ಎಲ್ಲ ಇಬ್ಬರು ಸೇರಿ ಹಾಗೇ ಮಾಡಿದ್ದು.

ಒಬ್ಬನೇ ಬಳಸಲು ನಾನು ಅದಕ್ಕೆ ಮಾಡಿದ ತಿದ್ದುಪಡಿ ಇದು. ಅಲಗಿನ ಹಿಂದಿನ ಭಾಗದ ಮೇಲ್ಮೈಯನ್ನು ಒಂದು ಇಂಚಿನಷ್ಟು ತಗ್ಗಿಸಿದೆ. ಕೈ ಕೆಳಗಿಳಿದಷ್ಟೂ ನೂಕು ನೇರವಾಗಿ ಮುಂದಕ್ಕೆ ಹೋಗುತ್ತದೆ, ಹತ್ತರಿ ಮೂಗು ಕುಕ್ಕುವುದು ನಿಂತಿತು. ಇಂಗ್ಲೆಂಡಿನ ಹಳೆ ಮರದ ಕೀಸುಳಿಗಳಲ್ಲೂ ಹೀಗೆ ಹಿಂಭಾಗ ತಗ್ಗಿಸಿದ ಜಾತಿ ಇದೆ. ತಗ್ಗಿಸಿದ ಅಂಚನ್ನು ಅಂಗೈಗೆ ಹೊಂದುವ ಹಾಗೆ ಉಳಿಯಿಂದ ದುಂಡು ಮಾಡಿ. ಮರದ್ದರ ಲಾಭವೇ ಅದು. ಹಿಡಿ ಬೇರೆ ಅಲ್ಲ, ಮೈಯೇ ಹಿಡಿ.

ದೂರದ ಕನ್ನಡಿಗ (ಕ್ಯಾಲಿಫೋರ್ನಿಯಾ)

ಹುಬ್ಬಳ್ಳಿಯವರು ಹೇಳಿದ್ದಕ್ಕೆ ಒಂದು ಸೇರಿಕೆ. ಇಲ್ಲಿ ಫೋರ್ಟ್ ಬ್ರಾಗ್ ಅನ್ನುವ ಊರಿನಲ್ಲಿ ಜೇಮ್ಸ್ ಕ್ರೆನಾವ್ 1981ರಿಂದ ಮರಗೆಲಸ ಕಲಿಸುತ್ತಿದ್ದರು. ಅವರ ಕೀಸುಳಿಗಳಿಗೂ ಹಿಡಿ ಇಲ್ಲ, ಗುಂಡೂ ಇಲ್ಲ. ಮರದ ಮೈಯನ್ನೇ ಚಾಕುವಿನಿಂದ ಕೈಗೆ ಬೇಕಾದ ಹಾಗೆ ಕೆತ್ತಿಕೊಳ್ಳೋದು. ನನ್ನ ಬಲಗೈ ಹೆಬ್ಬೆರಳ ಬುಡಕ್ಕೆ ಸಂಧಿವಾತ. ಕಬ್ಬಿಣದ 4ನೇ ನಂಬರ್ ಹತ್ತಿರ ಹತ್ತಿರ 1.7 ಕೆಜಿ, ದಿನವಿಡೀ ಆಗೋಲ್ಲ. ಮರದ್ದು ಅದಕ್ಕಿಂತ ಹಗುರ, ಹೆಬ್ಬೆರಳನ್ನು ಎಲ್ಲಿ ಬೇಕಾದರೂ ಇಡಬಹುದು.

ಕಬ್ಬಿಣದ್ದೇ ಬೇಕು ಅನ್ನುವ ನನ್ನಂಥ ಕೈಯವರಿಗೆ ಇನ್ನೊಂದು: ಹಿಡಿಯನ್ನು ತೆಳ್ಳಗೆ ಮಾಡಬೇಡಿ, ದಪ್ಪ ಮಾಡಿ. ದಪ್ಪ ಹಿಡಿಯನ್ನು ಹಿಚುಕಬೇಕಾಗಿಲ್ಲ. ಹಳೆ ಚರ್ಮದ ಬೆಲ್ಟಿನ ತುಂಡನ್ನು ಹಿಂಭಾಗಕ್ಕೆ ಮಾತ್ರ ಅಂಟಿಸಿಕೊಂಡಿದ್ದೇನೆ.

ಚುಕ್ಕಿಬಳ್ಳಿ (ಧಾರವಾಡ)

ನೋಡಿ, ನಾನು ತೆಗೆದೆ, ನೀವು ಸೇರಿಸಿದಿರಿ. ಇಬ್ಬರ ಕೈಗೂ ಆರಾಮ. ಇದಕ್ಕೇ ಯಾರಾದರೂ ಹಿಡಿಯ ನಕ್ಷೆ ಕಳಿಸಿ ಅಂತ ಕೇಳಿದರೆ ನಾನು ಕೊಡೋಲ್ಲ.

ಕಡಲ ತೆರೆ (ಮಂಗಳೂರು)

ನನ್ನ ಹತ್ತಿರ ರೆಕಾರ್ಡ್ ಕಂಪನಿಯ ಒಂದು 05 ನಂಬರ್ ಕೀಸುಳಿ ಕೂಡ ಇದೆ. ಇದೆಲ್ಲ ಅದಕ್ಕೂ ಆಗುತ್ತದಾ? ಗುಂಡು ಸೀಳಿದೆ, ಚನ್ನಪಟ್ಟಣದಲ್ಲಿ ಹೊಸದು ಕಡೆಸುವ ಅಂತ ಇದ್ದೇನೆ.

ತುಕ್ಕುಪ್ರೇಮಿ (ಮೈಸೂರು)

ಆಗುತ್ತದೆ. ಷೆಫೀಲ್ಡಿನ ರೆಕಾರ್ಡ್‌ನವರು 1931ರಲ್ಲಿ ಕೀಸುಳಿ ಮಾಡಲು ಶುರು ಮಾಡಿದಾಗ ಅನುಸರಿಸಿದ್ದು ಬೈಲಿಯ ಮಾದರಿಯನ್ನೇ. ನಮ್ಮ ದೇಶದ ಅನಂತ್ ಕಂಪನಿಯದೂ ಅದೇ ಮಾದರಿ. ಆದರೆ ಒಂದರ ಬೋಲ್ಟು ಇನ್ನೊಂದಕ್ಕೆ ಹಾಕುವಾಗ ಕೈಯಲ್ಲೇ ತಿರುಗಿಸಿ ನೋಡಿ, ಸಲೀಸಾಗಿ ಹೋಗದಿದ್ದರೆ ಬಲವಂತ ಬೇಡ. ಅಮೆರಿಕದ ಸ್ಟ್ಯಾನ್ಲಿಯ ಬೋಲ್ಟಿಗೆ ಇಂಚಿಗೆ 20 ಥ್ರೆಡ್. ಆ ದಪ್ಪಕ್ಕೆ ಅಂಗಡಿಯ ಮಾಮೂಲಿ ಬೋಲ್ಟಿನಲ್ಲಿ ಅಷ್ಟಿರೋಲ್ಲ. ಅದಕ್ಕೇ ಹಳೆ ಬೋಲ್ಟನ್ನು ಕಳೆಯಬೇಡಿ, ಪೇಟೆಯಲ್ಲಿ ಹುಡುಕಿದರೂ ಸಿಗೋಲ್ಲ.

ಚನ್ನಪಟ್ಟಣದ್ದು ಒಳ್ಳೆಯ ಯೋಚನೆ. ಎರಡು ಮಾತು ಹೇಳಿ ಕಡೆಸಿ. ಆಟಿಕೆಗೆ ಬಳಸುವ ಹಾಲೆ ಮರ ಮೆತು, ಬೀಟೆಯ ತುಂಡು ನೀವೇ ಕೊಡಿ. ಅರಗಿನ ಬಣ್ಣ ಹಚ್ಚಬೇಡಿ ಅನ್ನಿ. ನೋಡಲು ಕಣ್ಣು ಕುಕ್ಕುತ್ತದೆ, ಬೆವರು ಕೈಗೆ ಜಾರುತ್ತದೆ. ಹಳೆ ಗುಂಡಿನ ಎತ್ತರವನ್ನೇ ಇಡಿಸಿ. ಎತ್ತರ ಜಾಸ್ತಿ ಆದರೆ ಬೋಲ್ಟು ಸಾಲದು. ಸ್ಟ್ಯಾನ್ಲಿಯಲ್ಲಿ ಎತ್ತರದ ಗುಂಡು ಬಂದ ಮೇಲೆ ಬುಡ ಸೀಳುವುದು ಜಾಸ್ತಿಯಾಗಿ, 1930ರ ಹೊತ್ತಿಗೆ ಎರಕದಲ್ಲೇ ಗುಂಡಿನ ಬುಡಕ್ಕೆ ಒಂದು ಬಳೆ ಸೇರಿಸಿದರು. ನಿಮ್ಮದರಲ್ಲಿ ಅಂಥ ಬಳೆ ಇದ್ದರೆ ಅದರ ಒಳ ಅಳತೆಗೆ ಸರಿಯಾಗಿ ಬುಡ ಕಡೆಯಬೇಕು.

ಹೆರೆಮಣೆ (ಹಾಸನ)

ಎರಕದ ಅಂಚಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಹಲಗೆಯ ತುದಿಯನ್ನು ಮೂಲೆಮಟ್ಟಕ್ಕೆ ತರಲು ಕೀಸುಳಿಯನ್ನು ಪಕ್ಕಕ್ಕೆ ಮಲಗಿಸಿ ಓಡಿಸುತ್ತೀವಲ್ಲ, ಆಗ ಹಿಡಿ ಕೆಲಸಕ್ಕೆ ಬರೋಲ್ಲ, ಪಕ್ಕದ ಗೋಡೆಯನ್ನೇ ಹಿಡಿಯಬೇಕು. ಆ ಗೋಡೆಯ ಮೇಲಂಚು ಕೆಲವು ಕೀಸುಳಿಗಳಲ್ಲಿ ಕತ್ತಿ. ನಾನು ಅದನ್ನು ಸಣ್ಣ ಅರದಿಂದ ದುಂಡು ಮಾಡುತ್ತೇನೆ. ತಳಕ್ಕೂ ಅಲಗು ಹೊರಬರುವ ಬಾಯಿಗೂ ಮೊದಲು ಟೇಪ್ ಹಚ್ಚಿ ಮುಚ್ಚುತ್ತೇನೆ, ಅರ ಜಾರಿದರೆ ಗೀರು ಬೀಳಬಾರದು ಅಂತ. ಅರ ಒಂದೇ ದಿಕ್ಕಿಗೆ, ಹೊರಗಿನಿಂದ ಒಳಕ್ಕೆ. ಹೊಳೆಯುವ ಒಂದು ಸಣ್ಣ ಗೆರೆ ಮೂಡಿದರೆ ಸಾಕು. ತಳದ ಹೊರ ಅಂಚುಗಳಿಗೂ ಒಂದೆರಡು ಎಳೆ ಎಳೆಯಿರಿ, ಹಲಗೆಗೂ ಗಾಯ ಆಗೋಲ್ಲ, ಬೆರಳಿಗೂ ಆಗೋಲ್ಲ. ತುಕ್ಕು ಸರ್ ಕಣ್ಣು ಮುಚ್ಚಿಕೊಳ್ಳಲಿ.

ಮಲೆನಾಡ ಮತ್ತಿ (ಸಾಗರ)

ಅಷ್ಟಕ್ಕೆ ನಾನೂ ಒಪ್ಪುತ್ತೇನೆ. ಗ್ರೈಂಡರ್ ಮಾತ್ರ ಹತ್ತಿರ ತರಬೇಡಿ. ಒಳಗಿನ ಕಪ್ಪು ಬಣ್ಣವನ್ನೂ ಸುಮ್ಮನೆ ಉಜ್ಜಿ ಧೂಳೆಬ್ಬಿಸಬೇಡಿ. ನಡುವೆ ಯಾರಾದರೂ ಹಳೆ ಪೇಂಟ್ ಬಳಿದಿದ್ದರೆ ಸೀಸ ಇರಬಹುದು.

ಶನಿವಾರದ ಬಡಗಿ (ಬೆಂಗಳೂರು)

ಆದ ಕೆಲಸದ ವರದಿ. ಮೂರು ಬೆರಳ ಹಿಡಿತ ಅಭ್ಯಾಸ ಆಯಿತು, ಕಿರುಬೆರಳ ತೊಂದರೆ ಅಲ್ಲಿಗೇ ಮುಗಿಯಿತು. ವಾರ್ನಿಶ್ ಕೆರೆದೆ. ಚಾಕ್ ಹಚ್ಚಿ ನೋಡಿದರೆ ನನ್ನದರಲ್ಲಿ ಎರಡೇ ಜಾಗ, ಹಿಂದಿನ ಎರಡು ಅಂಚು. ಅರ ಹಾಕಿ ಅಗಸೆ ಎಣ್ಣೆ ಹಚ್ಚಿದ್ದೇನೆ. ನಟ್ಟಿನ ಮುಳ್ಳು ನಿಜವಾಗಿ ಇತ್ತು ಅಕ್ಕ, ಉಗುರಿಗೆ ಸಿಕ್ಕಿತು. ಅದನ್ನೂ ತೆಗೆದೆ. ನಿನ್ನೆ ಮಧ್ಯಾಹ್ನ ಪೂರ್ತಿ ಹಲಸಿನ ಹಲಗೆ ಉಜ್ಜಿದೆ, ಕೈಯಲ್ಲಿ ಗೆರೆ ಇಲ್ಲ.

ಹೊಸ ಸಮಸ್ಯೆ: ಹಿಡಿ ಅಲುಗಾಡುತ್ತಿದೆ. ನಟ್ಟು ಕೊನೆವರೆಗೆ ಬಿಗಿದರೂ ಆಚೀಚೆ ಆಡುತ್ತದೆ.

ರೊಬಸ್ಟಾ ಬೊಡ್ಡೆ (ಚಿಕ್ಕಮಗಳೂರು)

ನಟ್ಟಿನ ಗುಂಡಿ ಆಳ ಮಾಡಿದಿರಾ? ಮಾಡಿದ್ದರೆ ಅದೇ ಕಾರಣ. ಮಾಡದಿದ್ದರೂ ಹಳೆ ಮರ ವರ್ಷಗಳಲ್ಲಿ ಒಣಗಿ ಕುಗ್ಗಿರುತ್ತದೆ. ಬೋಲ್ಟು ಮಾತ್ರ ಅಷ್ಟೇ ಉದ್ದ. ನಟ್ಟು ಥ್ರೆಡ್ಡಿನ ಕೊನೆ ಮುಟ್ಟಿ ನಿಂತಿದೆ, ಮರವನ್ನು ಒತ್ತುತ್ತಿಲ್ಲ. ನಟ್ಟಿನ ಕೆಳಗೆ ಗುಂಡಿಯೊಳಗೆ ಒಂದು ತೆಳ್ಳನೆ ವಾಷರ್ ಹಾಕಿ. ಸಿಗದಿದ್ದರೆ ಚರ್ಮದ ಬಿಲ್ಲೆ ಕತ್ತರಿಸಿ.

ತುಕ್ಕುಪ್ರೇಮಿ (ಮೈಸೂರು)

ಬೋಲ್ಟಿನ ತುದಿ ಅರ ಹಾಕಿ ಗಿಡ್ಡ ಮಾಡಿ ಅಂತಲೂ ಕೆಲವರು ಹೇಳುತ್ತಾರೆ. ಅದೂ ನಡೆಯುತ್ತದೆ. ಆದರೆ ವಾಷರ್ ಇರುವಾಗ ಆ ಬೋಲ್ಟನ್ನು ಯಾಕೆ ಕತ್ತರಿಸಬೇಕು?

ಐಟಿಐ ಮೇಷ್ಟ್ರು (ತುಮಕೂರು)

ವಾಷರ್ ಹಾಕಿದ ಮೇಲೂ ಮೈಯೆಲ್ಲ ಬಲ ಹಾಕಿ ಬಿಗಿಯಬೇಡಿ. ಮಳೆಗಾಲಕ್ಕೆ ಮರ ಉಬ್ಬಿದಾಗ ಕತ್ತಿನಲ್ಲಿ ಸೀಳು ಬಿಡುತ್ತದೆ. ಅಲುಗಾಟ ನಿಂತ ಮೇಲೆ ಕಾಲು ಸುತ್ತು, ಅಷ್ಟೇ. ಜೂನ್‌ನಲ್ಲಿ ಒಮ್ಮೆ ಸಡಿಲಿಸಿ, ಬೇಸಿಗೆ ಬಂದ ಮೇಲೆ ಮತ್ತೆ ಬಿಗಿಯಿರಿ.

ಶನಿವಾರದ ಬಡಗಿ (ಬೆಂಗಳೂರು)

ಹಳೆ ಚಪ್ಪಲಿಯ ಚರ್ಮದ ಬಿಲ್ಲೆ ಹಾಕಿದೆ. ಕೂತಿತು. ತುಕ್ಕು ಸರ್, ಆ ಗುಜರಿಯವನ ಹತ್ತಿರ ಗಿಡ್ಡ ಗುಂಡಿನದೊಂದು ನೋಡಿ ಬಂದಿದ್ದೇನೆ, ಮುಂದಿನ ವಾರ ಅದನ್ನು ತರುವವನಿದ್ದೇನೆ. ಫ್ರಾಗ್ ಹಿಂದೆ ತಾರೀಕು ಇದೆಯಾ ನೋಡಿ ಹೇಳುತ್ತೇನೆ.

ತುಕ್ಕುಪ್ರೇಮಿ (ಮೈಸೂರು)

ಮೂರು ತಾರೀಕು ಇದ್ದರೆ ಚೌಕಾಸಿ ಜಾಸ್ತಿ ಮಾಡಬೇಡಿ, ತಗೊಂಡು ಬನ್ನಿ. ಅರ ಮಾತ್ರ ಮನೆಯಲ್ಲೇ ಬೀಗ ಹಾಕಿಡಿ.